ಚಪ್ಪಲಿ ಚಕ್ರದ ಕಾರು

ನಿನ್ನೆ ಸಂಜೆ ಮಲ್ಲಿಗೆ ಬಳ್ಳಿಗೆ ನೀರು ಹಾಕ್ತಿದ್ದೆ. ಬೇಲಿ ಆಚೆಯಿಂದ ಪಕ್ಕದ ಮನೆ ಪುಟ್ಟಿ ಒಂದು ಚಿತ್ರದ ಹಾಳೆ ಚಾಚಿದಳು ನೋಡಿ. ನಾಳಿನ ಕಾರಂತೆ. ಹೊಗೆ ಕೊಳವೆ ಇರಬೇಕಾದ ಕಡೆ ಒಂದು ನಲ್ಲಿ, ಅದರ ಕೆಳಗೆ ಬಿಂದಿಗೆ! “ಇದು ಹೊಗೆ ಬಿಡಲ್ಲ ಆಂಟಿ, ನೀರು ಬಿಡತ್ತೆ” ಅಂದಳು.

ಹೈಡ್ರೋಜನ್ ಕಾರು ಬಿಡೋದೂ ನೀರನ್ನೇ ಅಲ್ವಾ? ಟೊಯೋಟಾದವರ ಮಿರಾಯ್ ಜಪಾನಿನಲ್ಲಿ 2014ರಲ್ಲೇ ಮಾರಾಟಕ್ಕೆ ಬಂತು. ಪುಟ್ಟಿಗೆ ಅದೆಲ್ಲ ಎಲ್ಲಿ ಗೊತ್ತು? ಅವಳು ಕಂಡಿರೋದು ಬೇಸಿಗೆ ಬಂತೂಂದ್ರೆ ಅಮ್ಮ ಬಿಂದಿಗೆ ಸಾಲಿಟ್ಟು ಟ್ಯಾಂಕರ್ ಕಾಯೋದನ್ನ. ಇನ್ನೊಂದು ಹೇಳ್ತೀನಿ ಕೇಳಿ. ಅಜ್ಜಿ ಹತ್ತುವಾಗ ಆ ಕಾರು ಎತ್ತಿನ ಹಾಗೆ ಮಂಡಿಯೂರತ್ತಂತೆ. ಮಂಡಿನೋವು ಅಜ್ಜಿಗೆ, ಮಂಡಿಯೂರೋದು ಕಾರು! ಎಷ್ಟು ವೇಗ ಓಡತ್ತೆ ಅಂತ ಕೇಳಿದ್ರೆ, “ಅಜ್ಜಿಗೆ ತಲೆ ಸುತ್ತದಷ್ಟು” ಅಂದಳು.

ನಮ್ಮ ಕಾಲದಲ್ಲಿ ಬಣ್ಣದ ಪೆನ್ಸಿಲ್ ಎಲ್ಲಿತ್ತು ಹೇಳಿ? ಸವೆದ ಹವಾಯಿ ಚಪ್ಪಲಿ ಮೇಲೆ ಡಬ್ಬಿ ಮುಚ್ಚಳ ಇಟ್ಟು ಗೆರೆ ಎಳೆದು, ಬ್ಲೇಡಿನಲ್ಲಿ ಕೊಯ್ದರೆ ಚಕ್ರ. ಹಿಮ್ಮಡಿ ಕಡೆಯದು ತೆಳು, ಬೆರಳಿನ ಕಡೆಯದು ದಪ್ಪ, ಹಾಗಾಗಿ ಗಾಡಿ ಕುಂಟಿಕೊಂಡೇ ಓಡೋದು. ವಿಜಯಪುರದ ಸೋದರಮಾವನ ಮನೇಲಿ ಜೋಳದ ದಂಟಿನ ಬಂಡಿ. ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಅದೇ ಸಿಪ್ಪೆ ಸೀಳು ಚುಚ್ಚಿದರೆ ಆಯ್ತು. ಮೊಳೆ ಬೇಡ, ಅಂಟು ಬೇಡ. ಬೆಂಡಿನ ಆ ಹಸಿ ವಾಸನೆ ಇವತ್ತಿಗೂ ಮೂಗಲ್ಲಿದೆ...

ಎಲ್ಲಿದ್ದೆ? ಹಾಂ, ಚಿತ್ರ. ಮಕ್ಕಳ ಕನಸಿನ ಕಾರಿನ ಚಿತ್ರಕ್ಕೇ ಅಂತ ಟೊಯೋಟಾದವರು 2004ರಿಂದ ಸ್ಪರ್ಧೆ ನಡೆಸ್ತಾರಲ್ಲ, ಹದಿನೈದು ವರ್ಷದವರೆಗಿನ ಮಕ್ಕಳಿಗೆ. ಪುಟ್ಟಿ ಅದಕ್ಕೆ ಕಳಿಸ್ತಾಳಂತೆ. ಅವಳಪ್ಪ ಪಕ್ಕದಲ್ಲಿ ನಿಂತು, “ಕಾರಿಗೆ ಎಲ್ಲಾದ್ರೂ ನಲ್ಲಿ ಇರತ್ತಾ?” ಅಂತ ರಬ್ಬರ್ ತೆಗೆದರು. ನಾನು ತಡೀಲಾರದೆ ಬೇಡ ಅಂದುಬಿಟ್ಟೆ. ತಿದ್ದಿಬಿಟ್ರೆ ಅದು ಅಪ್ಪನ ಕಾರಾಗತ್ತೆ, ಅಲ್ವಾ?

ಇಂಥ ಸ್ಪರ್ಧೆ ಹಿಂದೆಯೂ ಇತ್ತು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಫಿಶರ್ ಬಾಡಿ ವಿಭಾಗದವರು 1930ರಿಂದ 1968ರವರೆಗೆ ಹುಡುಗರಿಗೆ ಪುಟಾಣಿ ಮಾದರಿ ಮಾಡೋ ಸ್ಪರ್ಧೆ ನಡೆಸಿದರು. ಮೊದಮೊದಲು ನೆಪೋಲಿಯನ್ ಕಾಲದ ಸಾರೋಟಿನ ಮಾದರಿ, ಆಮೇಲೆ ತಾವೇ ಕಲ್ಪಿಸಿಕೊಂಡ ಕಾರು. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಅನ್ನೋ ಹುಡುಗ 1986ರಲ್ಲಿ ಜನರಲ್ ಮೋಟಾರ್ಸ್ ವಿನ್ಯಾಸ ವಿಭಾಗಕ್ಕೇ ಮುಖ್ಯಸ್ಥನಾದ. ಹುಡುಗರ ಕೈಗೊಂದು ಕೆಲಸ ಕೊಟ್ಟು ನೋಡಬೇಕಪ್ಪ.

ನಲ್ಲಿ ಉಳೀತು. ರಬ್ಬರ್ ಅಪ್ಪನ ಜೇಬು ಸೇರಿತು. ಪುಟ್ಟಿಗೆ ಈಗ ಅದೇ ಕಾರನ್ನ ಮಾಡಿ ಓಡಿಸೋ ಹಟ. ಬಿಂದಿಗೆಗೆ ತೆಂಗಿನ ಚಿಪ್ಪು ಸಿಕ್ಕಿದೆ. ನಿಮ್ಮನೇಲಿ ಸವೆದ ಹವಾಯಿ ಚಪ್ಪಲಿ ಇದ್ರೆ ಎಸೀಬೇಡಿ, ಬೇಲಿ ಮೇಲಿಡಿ. ನಾಲ್ಕು ಚಕ್ರ ಬೇಕಂತೆ.