ಬಂತಾ?

2021ರ ಮೇ ತಿಂಗಳಲ್ಲಿ ಬೆಂಗಳೂರಿನ ನಮ್ಮ ಹೊಸಹಳ್ಳಿಗೆ ಬೆಳಗಾಗುತ್ತಿದ್ದುದೇ ಕೆಮ್ಮಿನಿಂದ. ಕೋವಿಡ್ ಲಾಕ್‌ಡೌನಿಗೆ ಮೆಟ್ರೋ ನಿಂತಿತ್ತು. ಸೊಪ್ಪಿನವರ ಕೂಗು ಬೆಳಿಗ್ಗೆ ಹತ್ತಕ್ಕೆಲ್ಲ ಮುಗಿಯುತ್ತಿತ್ತು. ಮಿಕ್ಕ ಹೊತ್ತೆಲ್ಲ ಬೀದಿ ಕೆಮ್ಮಿನ ಪಾಲು. ಇಲ್ಲಿ ಟ್ವೆಂಟಿ ಥರ್ಟಿ ಸೈಟುಗಳಲ್ಲಿ ಮನೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿವೆ. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಹಾಗಾಗಿ ನನ್ನ ಕೆಮ್ಮು ನನ್ನದಾಗಿ ಉಳಿಯಲು ಸಾಧ್ಯವೇ ಇರಲಿಲ್ಲ. ಮೊದಲ ದಿನವೇ ಅದು ಸಾರ್ವಜನಿಕ ಆಸ್ತಿಯಾಯಿತು.

ಜ್ವರ ಐದು ದಿನಕ್ಕೆ ಇಳಿಯಿತು. ಕೆಮ್ಮು ಮಾತ್ರ ಬೇಸಿಗೆ ರಜೆಗೆ ಬಂದ ಸೋದರಳಿಯನ ಹಾಗೆ, ಹೊರಡುವ ಸೂಚನೆಯನ್ನೇ ಕೊಡಲಿಲ್ಲ. ಫೋನಿನಲ್ಲಿ ಡಾಕ್ಟರು, ‘ವೈರಸ್ ಹೋದ ಮೇಲೂ ಕೆಮ್ಮು ಆರೇಳು ವಾರ ಇರುತ್ತೆ, ಗಾಬರಿ ಬೇಡ, ಉಸಿರು ಕಟ್ಟಿದರೆ ಮಾತ್ರ ತಕ್ಷಣ ಹೇಳಿ’ ಎಂದರು. ಅದರ ಜೊತೆಗೆ ಮೂಗೂ ಮುಷ್ಕರ ಹೂಡಿತ್ತು. ಹಾಲು ಉಕ್ಕಿ ಸೀದರೂ ತಿಳಿಯದು, ಫಿಲ್ಟರ್ ಕಾಫಿ ಬರೀ ಬಿಸಿ ನೀರು.

ನನ್ನವಳು ತಾರಸಿಯಲ್ಲಿ ಹಳೇ ಪೇಂಟ್ ಬಕೆಟ್ಟಿನಲ್ಲಿ ಬೆಳೆಸಿದ ದೊಡ್ಡಪತ್ರೆಯಿಂದ ಒಂದೆಲೆ ಕಿತ್ತು, ಬೆರಳಲ್ಲಿ ಹಿಸುಕಿ ನನ್ನ ಮೂಗಿಗೆ ಹಿಡಿದಳು.

‘ಬಂತಾ?’

‘ಏನು?’

‘ವಾಸನೆ ರೀ!’

ಬಂದಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಹಾಜರಿ ಕರೆದ ಹಾಗೆ ಈ ಎಲೆ, ಈ ಪ್ರಶ್ನೆ. ದೊಡ್ಡಪತ್ರೆಯಷ್ಟು ನಿರುಪದ್ರವಿ ಗಿಡ ಇನ್ನೊಂದಿಲ್ಲ. ಕೆಂಡದ ಮೇಲೋ ತವೆಯ ಮೇಲೋ ಬಾಡಿಸಿ ಹಿಂಡಿದರೆ ಎಳೆಮಕ್ಕಳ ಶೀತಕ್ಕೆ ರಸ. ಕೆಮ್ಮು ಹೋಯಿತೆಂದರೆ ಔಷಧಿ, ಹೋಗಲಿಲ್ಲವೆಂದರೆ ಬಜ್ಜಿ.

ಅಮ್ಮನ ನಂಬಿಕೆ ಆಡುಸೋಗೆಯ ಮೇಲೆ. ಅವಳ ತವರು ಮಾಗಡಿ ಕಡೆ. ಹೊಲದ ಬೇಲಿಗೆಲ್ಲ ಅದೇ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವನು ಆ ಬೇಲಿಯನ್ನು ನೋಡಿರಲಿಕ್ಕಿಲ್ಲ. ಅದನ್ನು ಆಡು ಮೂಸಿ ಮುಂದೆ ಹೋಗುತ್ತದೆ, ಅಷ್ಟು ಕಹಿ. ‘ಮೇಕೆ ಬಿಟ್ಟಿದ್ದನ್ನ ನನಗೆ ಕುಡಿಸ್ತೀಯಲ್ಲಮ್ಮ’ ಎಂದೆ. ‘ಮೇಕೆಗೆ ಕೆಮ್ಮಿಲ್ಲ ಕಣಪ್ಪ, ಕುಡಿ’ ಎಂದಳು. ಮರುದಿನ ಮೆಡಿಕಲ್ ಶಾಪಿನಿಂದ ತರಿಸಿದ ಕಫದ ಸಿರಪ್ಪಿನ ಚೀಟಿ ಓದಿದರೆ ಅದರಲ್ಲಿ ಬ್ರೋಮ್‌ಹೆಕ್ಸಿನ್. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಸಾರವನ್ನು ಮಾದರಿಯಾಗಿಟ್ಟುಕೊಂಡು ಪ್ರಯೋಗಾಲಯದವರು ಕಟ್ಟಿದ ಔಷಧ ಅದು. ಅಮ್ಮನಿಗೆ ಹೇಳಿದೆ. ‘ಮತ್ತೆ ದುಡ್ಡು ಯಾಕೆ ದಂಡ ಮಾಡಿದೆ?’ ಎಂದಳು. ಸಿರಪ್ಪಿನಲ್ಲಿ ಸಕ್ಕರೆ ಇದೆ ಎಂಬುದಷ್ಟೇ ನನ್ನ ಬಳಿ ಇದ್ದ ಉತ್ತರ.

ಮಹಡಿ ಮನೆಯ ಮಂಗಳೂರು ಕಡೆಯ ಅಕ್ಕನಿಗೆ ಇವೆಲ್ಲ ಮಕ್ಕಳಾಟ. ‘ಆಟಿ ಅಮಾವಾಸ್ಯೆ ಬರ್ಲಿ ಮಾರಾಯ್ರೆ, ಹಾಲೆಮರದ ಕಷಾಯ ಒಂದು ಲೋಟ ಕುಡೀರಿ’ ಎಂದು ಮೆಟ್ಟಿಲ ಮೇಲಿಂದಲೇ, ಮಾಸ್ಕಿನೊಳಗಿಂದ ಸಾರಿದರು. ಅವರ ಕಡೆ ಆ ಅಮಾವಾಸ್ಯೆಯಂದು ನಸುಕಿಗೆ ಮುಂಚೆ ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದಲೇ ತೊಗಟೆ ಜಜ್ಜಿ ತಂದು, ಖಾಲಿ ಹೊಟ್ಟೆಗೆ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದು ಆಸ್ಪತ್ರೆ ಸೇರಿದವರ ಕತೆಯನ್ನೂ ಅವರೇ ಸವಿಸ್ತಾರವಾಗಿ ಹೇಳಿದರು. ಅದರಿಂದ ನನ್ನ ಉತ್ಸಾಹ ತಗ್ಗಿತು. ಸಪ್ತಪರ್ಣ ಎನ್ನುವುದೂ ಈ ಹಾಲೆಮರವನ್ನೇ. 1980ರಲ್ಲಿ ಮಲೇರಿಯಾಕ್ಕೆಂದು ಸರ್ಕಾರದ ಆಯುರ್ವೇದ ಸಂಶೋಧನಾ ಪರಿಷತ್ತು ರೂಪಿಸಿದ ಆಯುಷ್-64 ಗುಳಿಗೆಯಲ್ಲಿ ಇದೇ ತೊಗಟೆ, ಜೊತೆಗೆ ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗ ಇವೆ. 2021ರಲ್ಲಿ ಸೌಮ್ಯ ಕೋವಿಡ್‌ಗೂ ಅದನ್ನು ಹಂಚಿದರು. ನಾಲ್ಕರಲ್ಲಿ ಒಂದಾದರೂ ಸಿಹಿ ಇರಬಾರದಿತ್ತೇ!

ಎದುರು ಮನೆಯ ನಿವೃತ್ತ ಮೇಷ್ಟ್ರದು ಅಮೃತಬಳ್ಳಿಯ ಪಕ್ಷ. ಅವರ ಗೇಟಿನಿಂದ ಹೊರಟ ಬಳ್ಳಿ ಕೇಬಲ್ ಟೀವಿಯ ತಂತಿ ಹಿಡಿದು ಮೂರನೇ ಮನೆ ತಲುಪಿತ್ತು. ಹಿಂದಿನ ವರ್ಷದಿಂದ ಅವರು ದಿನಾ ಎರಡು ಲೋಟ ಕಷಾಯ ಕುಡಿಯುತ್ತಿದ್ದರು. ‘ಇಮ್ಯುನಿಟಿ’ ಎಂಬ ಮಾತು ನಮ್ಮ ಬೀದಿಗೆ ಬಂದದ್ದೇ ಅವರ ಬಾಯಿಂದ. ಆಮೇಲೆ, 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಅಮೃತಬಳ್ಳಿ ಸೇವಿಸಿದ ಆರು ಮಂದಿಯ ಯಕೃತ್ತಿಗೆ ಪೆಟ್ಟಾದುದನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. ಅದು ಅಮೃತಬಳ್ಳಿಯಲ್ಲ, ಹಾಗೇ ಕಾಣುವ ಅದರ ದಾಯಾದಿ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ವಾದಿಸಿತು. ಮೇಷ್ಟ್ರು ಎರಡನ್ನೂ ಓದಿ, ತಮ್ಮ ಗೇಟಿನ ಬಳ್ಳಿಯನ್ನು ಒಂದು ವಾರ ಅನುಮಾನದಿಂದ ನೋಡಿ, ಕಷಾಯವನ್ನು ಅರ್ಧ ಲೋಟಕ್ಕೆ ಇಳಿಸಿದರು. ಅಮೃತಕ್ಕೂ ಅಳತೆ ಬಂತು. ನನಗೂ ಅದೇ ಸರಿ ಎನಿಸುತ್ತದೆ. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಚೊಂಬುಗಟ್ಟಲೆ ಸುರಿದುಕೊಳ್ಳುವುದು ನಾಲಿಗೆಯ ಧೈರ್ಯವಷ್ಟೇ, ಯಕೃತ್ತನ್ನು ಯಾರೂ ಕೇಳುವುದಿಲ್ಲ.

ನಾನೇ ಕಂಡುಕೊಂಡ ಮದ್ದು ಒಂದಿತ್ತು: ಗ್ರಂಥಿಗೆ ಅಂಗಡಿಯ ಅತಿಮಧುರದ ಕಡ್ಡಿ. ಈ ಕಹಿಗಳ ನಡುವೆ ಅದೊಂದೇ ನನ್ನ ಪಕ್ಷದಲ್ಲಿತ್ತು. ದಿನವಿಡೀ ಜಗಿದೆ, ಗಂಟಲು ನಿಜಕ್ಕೂ ತಣ್ಣಗಾಯಿತು. ಮೂರು ವಾರಕ್ಕೆ ಬಿ.ಪಿ. ನೋಡಿಸಿದರೆ ಏರಿ ಕೂತಿದೆ. ಆ ಕಡ್ಡಿಯನ್ನು ಬಹಳ ದಿನ ಜಗಿದರೆ ಮೈಯಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತದೆಂದು ಡಾಕ್ಟರು ವಿವರಿಸಿದರು. ಅಲ್ಲಿಗೆ ಸಿಹಿಯೂ ಮುಗಿಯಿತು.

ಕೆಮ್ಮು ಆರನೇ ವಾರಕ್ಕೆ ತಾನಾಗಿ ಹೊರಟುಹೋಯಿತು. ಕೀರ್ತಿಗೆ ಮಾತ್ರ ನಾಲ್ವರು ಹಕ್ಕುದಾರರು. ನಾನು ಯಾರಿಗೂ ಇಲ್ಲವೆನ್ನಲಿಲ್ಲ. ಮುಂದಿನ ಮಳೆಗಾಲವನ್ನೂ ಇವರ ನಡುವೆಯೇ ಕಳೆಯಬೇಕಲ್ಲ.

ಮೂಗು ಮಾತ್ರ ಯಾರ ಎಲೆಗೂ ಬಗ್ಗಲಿಲ್ಲ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಸಲ ಮೂಸಿಸಿ ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸುವ ಕ್ರಮವನ್ನು ಜರ್ಮನಿಯ ಥಾಮಸ್ ಹುಮ್ಮೆಲ್ ಎಂಬ ವೈದ್ಯರು 2009ರಲ್ಲೇ ಪ್ರಕಟಿಸಿದ್ದರಂತೆ. ‘ಲಾಕ್‌ಡೌನಲ್ಲಿ ಗುಲಾಬಿಗೆ ಎಲ್ಲಿ ಹೋಗ್ಲಿ?’ ಎಂದು ನನ್ನವಳು ಅದರ ಜಾಗಕ್ಕೆ ದೊಡ್ಡಪತ್ರೆಯನ್ನೇ ನೇಮಿಸಿದಳು. ಬೆಳಿಗ್ಗೆ ‘ಬಂತಾ?’ ಸಂಜೆ ‘ಬಂತಾ?’ ಜೂನ್, ಜುಲೈ, ಆಗಸ್ಟ್ ಕಳೆದವು. ಬಕೆಟ್ಟಿನ ಗಿಡ ಬೋಳಾಯಿತು.

ಆಗಸ್ಟ್ ಕೊನೆಗೆ ಮೆಟ್ರೋ ಕೆಂಗೇರಿಯವರೆಗೆ ಶುರುವಾಯಿತು. ಹೊಸ ರೈಲು ನೋಡೋಣವೆಂದು ಸೆಪ್ಟೆಂಬರಿನ ಒಂದು ಮಧ್ಯಾಹ್ನ ನಮ್ಮ ಸ್ಟೇಷನ್ನಿನಲ್ಲಿ ಹತ್ತಿದೆ. ಗಂಟಲು ಸ್ವಲ್ಪ ಕೆರೆದು ಒಂದೇ ಒಂದು ಸಲ ಕೆಮ್ಮಿದ್ದಕ್ಕೆ ಅಕ್ಕಪಕ್ಕದವರು ಸರಿದು ನನಗೆ ಉದಾರವಾಗಿ ಜಾಗ ಕೊಟ್ಟರು. ಮೈಸೂರು ರಸ್ತೆ ದಾಟಿ ನಾಯಂಡಹಳ್ಳಿ ಬಂತು. ಬಾಗಿಲು ತೆರೆಯಿತು. ಏನೋ ಒಂದು, ಮಾಸ್ಕನ್ನೂ ತೂರಿ, ಮೂಗಿನ ಮೂಲೆಗೆ ಬಂದು ಬಡಿಯಿತು. ಪಕ್ಕದವನು ಮುಖ ಸಿಂಡರಿಸಿದ. ನನ್ನ ಕಣ್ಣಲ್ಲಿ ನೀರು. ಫೋನು ತೆಗೆದೆ.

‘ಬಂತು ಕಣೇ!’

‘ಯಾವುದು? ಕೆಂಗೇರಿನಾ?’

‘ವಾಸನೆ! ವೃಷಭಾವತಿ ಮೋರಿ ವಾಸನೆ!’

ಆ ಕಡೆ ಒಂದು ಕ್ಷಣ ಮೌನ. ನಾಲ್ಕು ತಿಂಗಳ ದೊಡ್ಡಪತ್ರೆಯ ಲೆಕ್ಕ ಹಾಕುತ್ತಿದ್ದಳೋ ಏನೋ.

‘ಸರಿ, ಮಾಸ್ಕ್ ಮೇಲಕ್ಕೆ ಎಳ್ಕೊಳ್ಳಿ’ ಎಂದಳು.