ಕೃಪಾಚಾರ್ಯರ ಕಾಯಂ ನೌಕರಿ

ಏಳು ಜನ ಚಿರಂಜೀವಿಗಳಲ್ಲಿ ಆರು ಜನರ ಬಗ್ಗೆ ಯಾರನ್ನು ಕೇಳಿದರೂ ನಾಲ್ಕು ಮಾತು ಹೇಳುತ್ತಾರೆ. ಹನುಮಂತನಿಗೆ ಊರೂರಿಗೆ ಗುಡಿ. ಬಲಿ ಚಕ್ರವರ್ತಿಗೆ ದೀಪಾವಳಿಯ ಪಾಡ್ಯ. ವ್ಯಾಸರಿಗೆ ಹುಣ್ಣಿಮೆ. ಪರಶುರಾಮನಿಗೆ ಇಡೀ ಕರಾವಳಿ. ವಿಭೀಷಣನಿಗೆ ಲಂಕೆಯ ಪಟ್ಟ. ಅಶ್ವತ್ಥಾಮನ ವಿಷಯದಲ್ಲಂತೂ ವದಂತಿಗೆ ಬರವಿಲ್ಲ. ಮಧ್ಯಪ್ರದೇಶದ ಬುರ್ಹಾನ್‌ಪುರದ ಹತ್ತಿರ ಅಸೀರ್‌ಗಢ ಅಂತ ಒಂದು ಕೋಟೆಯಿದೆ. ಅಲ್ಲಿನ ಶಿವಾಲಯಕ್ಕೆ ಅವನು ಇಂದಿಗೂ ಬಂದು ಹೂವೇರಿಸಿ ಹೋಗುತ್ತಾನೆ ಎಂದು ಆ ಕಡೆಯ ಜನ ನಂಬುತ್ತಾರೆ. 2024ರಲ್ಲಿ ಅಮಿತಾಭ್ ಬಚ್ಚನ್ ಅವನ ಪಾತ್ರ ಮಾಡಿ ಸಿನಿಮಾಕ್ಕೂ ತಂದರು.

ಉಳಿದವರು ಕೃಪಾಚಾರ್ಯರು. ಅವರ ಬಗ್ಗೆ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಹೌದು, ಅವರೂ ಇದ್ದರು’ ಎಂದು ಮಾತು ಮುಗಿಸುತ್ತಾರೆ.

ಚಿಕ್ಕಂದಿನಲ್ಲಿ ಹುಟ್ಟುಹಬ್ಬಕ್ಕೆ ಅಜ್ಜಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಎಳ್ಳು ಬೆಲ್ಲ ಬೆರೆಸಿದ ಹಾಲು ಕುಡಿಸಿ, ಚಿರಂಜೀವಿಗಳ ಹೆಸರು ಹೇಳಿಸುತ್ತಿದ್ದರು. ಒಮ್ಮೆ ಕೇಳಿದೆ, “ಅಜ್ಜೀ, ಈ ಕೃಪ ಯಾಕೆ ಸಾಯಲಿಲ್ಲ?” ಅಜ್ಜಿ ಕ್ಷಣ ಯೋಚಿಸಿ, “ಮೇಷ್ಟ್ರಲ್ಲವೇನೋ? ಅವರು ಅಷ್ಟು ಸುಲಭಕ್ಕೆ ಸಾಯಲ್ಲ, ಪೆನ್ಷನ್ ತಗೋತಾ ಇರ್ತಾರೆ” ಅಂದರು. ತಾತ ಮೇಷ್ಟರಾಗಿದ್ದರು, ಪಕ್ಕದಲ್ಲೇ ಕೂತಿದ್ದರು.

ಆಮೇಲೆ ನಾನೂ ಒಂದು ಕಚೇರಿ ಸೇರಿ, ಫೈಲುಗಳ ನಡುವೆ ತಲೆ ನರೆಸಿಕೊಂಡು, ಮಹಾಭಾರತವನ್ನು ಮತ್ತೆ ಓದಿದಾಗ ಅಜ್ಜಿಯ ಮಾತು ಅರ್ಥವಾಯಿತು. ಉಳಿದ ಆರು ಜನಕ್ಕೆ ಚಿರಂಜೀವಿತ್ವ ಒಂದೋ ವರವಾಗಿ ಬಂತು, ಒಂದೋ ಶಾಪವಾಗಿ ಬಂತು, ಇಲ್ಲವೇ ತಪಸ್ಸಿನಿಂದ ಬಂತು. ಕೃಪರು ಅದನ್ನು ಸರ್ವೀಸಿನಿಂದ ಗಳಿಸಿದರು.

ಅವರು ಕೆಲಸಕ್ಕೆ ಸೇರಿದ್ದನ್ನೇ ನೋಡಿ. ಶರದ್ವಂತ ಎಂಬ ಋಷಿಯ ಮಕ್ಕಳು, ಅವಳಿ ಜವಳಿ, ಕಾಡಿನಲ್ಲಿ ಜೊಂಡುಹುಲ್ಲಿನ ಮಧ್ಯೆ ಬಿದ್ದಿದ್ದವು. ಬೇಟೆಗೆ ಬಂದ ಶಂತನು ಮಹಾರಾಜನ ಸೈನಿಕನೊಬ್ಬ ಕಂಡ. ರಾಜ ಅಯ್ಯೋ ಪಾಪ ಎಂದು ಅರಮನೆಗೆ ತಂದು ಸಾಕಿದ. ಕೃಪೆಯಿಂದ ಸಾಕಿದ್ದಕ್ಕೆ ಗಂಡಿಗೆ ಕೃಪ, ಹೆಣ್ಣಿಗೆ ಕೃಪಿ ಎಂದು ಹೆಸರಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅನುಕಂಪದ ಆಧಾರದ ಮೇಲೆ ನೇಮಕ. ಅಂಥ ನೇಮಕಾತಿಯಲ್ಲಿ ಬಂದವರು ಯಾರನ್ನೂ ಎದುರು ಹಾಕಿಕೊಳ್ಳುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು.

ರಾಜಕುಮಾರರಿಗೆ ಮೊದಲು ಬಿಲ್ವಿದ್ಯೆ ಕಲಿಸಿದವರು ಇವರೇ. ಅಷ್ಟರಲ್ಲಿ ತಂಗಿಯ ಗಂಡ ದ್ರೋಣರು ಹಸ್ತಿನಾವತಿಗೆ ಬಂದು, ಇವರ ಮನೆಯಲ್ಲೇ ಗುಟ್ಟಾಗಿ ಇಳಿದುಕೊಂಡರು. ಬಾವಿಗೆ ಬಿದ್ದ ಚೆಂಡನ್ನು ಹುಲ್ಲುಕಡ್ಡಿಯಿಂದ ಎತ್ತಿದ್ದೇ ನೆಪ, ಭೀಷ್ಮರು ಕರೆದು ಗುರುಪೀಠ ಕೊಟ್ಟರು. ಮನೆಯಲ್ಲಿ ಉಂಡುಕೊಂಡಿದ್ದ ಭಾವ ಬೆಳಗಾಗುವಷ್ಟರಲ್ಲಿ ಮೇಲಧಿಕಾರಿ! ನಾನಾಗಿದ್ದರೆ ಆ ತಿಂಗಳೇ ಸ್ವಯಂನಿವೃತ್ತಿಗೆ ಅರ್ಜಿ ಹಾಕುತ್ತಿದ್ದೆ. ಕೃಪರು ತುಟಿಪಿಟಕ್ಕೆನ್ನಲಿಲ್ಲ. ದ್ರೋಣರು ಸೇನಾಪತಿಯಾದರು, ಐದೇ ದಿನಕ್ಕೆ ತಲೆ ಹೋಯಿತು. ಕೃಪರು ಎಂದೂ ಸೇನಾಪತಿಯಾಗಲಿಲ್ಲ.

ಅವರ ಸ್ವಭಾವವನ್ನು ಹಿಡಿದು ತೋರಿಸುವ ಪ್ರಸಂಗ ಒಂದಿದೆ. ಯುದ್ಧ ಶುರುವಾಗುವ ಮುಂಚೆ ದುರ್ಯೋಧನ ಎಲ್ಲರನ್ನೂ ಕೇಳಿದ, ‘ಪಾಂಡವರ ಸೈನ್ಯವನ್ನು ಮುಗಿಸಲು ನಿಮಗೆ ಎಷ್ಟು ದಿನ ಬೇಕು?’ ಭೀಷ್ಮರು ಒಂದು ತಿಂಗಳು ಎಂದರು. ದ್ರೋಣರೂ ಅಷ್ಟೇ ಎಂದರು. ಅಶ್ವತ್ಥಾಮ ಹತ್ತು ದಿನ, ಕರ್ಣ ಐದೇ ದಿನ. ಕೃಪಾಚಾರ್ಯರು? ಎರಡು ತಿಂಗಳು. ಅದನ್ನು ಓದಿದಾಗ ಪುಸ್ತಕಕ್ಕೇ ಕೈಮುಗಿಯೋಣ ಅನ್ನಿಸಿತು. ಸಾಹೇಬರು ಗಡುವು ಕೇಳಿದಾಗ ಐದು ದಿನ ಅಂದವನ ಗತಿ ಏನಾಗುತ್ತದೆ ಅಂತ ಕಚೇರಿಯಲ್ಲಿದ್ದವರಿಗೆಲ್ಲ ಗೊತ್ತು. ಕರ್ಣನಿಗೂ ಅದೇ ಆಯಿತು. ಇಡೀ ಯುದ್ಧ ಹದಿನೆಂಟು ದಿನಕ್ಕೆ ಮುಗಿದುಹೋದಾಗ ಕೃಪರ ಕೈಯಲ್ಲಿ ಇನ್ನೂ ನಲವತ್ತೆರಡು ದಿನ ಮಿಕ್ಕಿತ್ತು.

ಯುದ್ಧದ ಮೊದಲ ಬೆಳಗ್ಗೆ ಧರ್ಮರಾಯ ಆಶೀರ್ವಾದ ಬೇಡಲು ಬಂದ. ಭೀಷ್ಮ, ದ್ರೋಣರನ್ನು ‘ನಿಮ್ಮನ್ನು ಕೊಲ್ಲುವುದು ಹೇಗೆ’ ಎಂದು ಕೇಳಿದವನಿಗೆ ಕೃಪರ ಮುಂದೆ ಬಾಯಿ ಕಟ್ಟಿತು. ಅವರೇ ಅರ್ಥ ಮಾಡಿಕೊಂಡು, ‘ನನ್ನನ್ನು ಕೊಲ್ಲಲಾಗದಪ್ಪ’ ಎಂದರು. ಕೌರವರ ಅನ್ನದ ಋಣ, ಅವರ ಪರವಾಗಿಯೇ ಕಾದಬೇಕು; ಆದರೆ ದಿನಾ ಬೆಳಗ್ಗೆ ಎದ್ದು ನಿನಗೆ ಜಯವಾಗಲೆಂದು ಕೋರುತ್ತೇನೆ ಎಂದೂ ಸೇರಿಸಿದರು. ಹಾಗಾಗಿ ಹದಿನೆಂಟು ದಿನವೂ ಅವರ ದಿನಚರಿ ಇದು: ಎದ್ದು ಮುಖ ತೊಳೆದು ಪಾಂಡವರಿಗೆ ಜಯ ಕೋರುವುದು, ರಥ ಹತ್ತಿ ಪಾಂಡವರ ಮೇಲೆ ಬಾಣ ಬಿಡುವುದು. ಎರಡೂ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು.

ಮಾನಾಪಮಾನವೆಂಬುದು ಅವರಿಗೆ ಇರಲೇ ಇಲ್ಲವೆಂದು ಕಾಣುತ್ತದೆ. ಹದಿನಾಲ್ಕನೆಯ ದಿನ ರಾತ್ರಿ ಕರ್ಣ ಜಂಬ ಕೊಚ್ಚಿಕೊಂಡಾಗ ಇವರು ಗದರಿದರು. ಅವನು ‘ಇನ್ನೊಂದು ಸಲ ಹೀಗೆ ಮಾತಾಡಿದರೆ ನಾಲಿಗೆ ಕತ್ತರಿಸುತ್ತೇನೆ, ಮುದುಕ’ ಎಂದುಬಿಟ್ಟ. ಸೋದರಳಿಯ ಅಶ್ವತ್ಥಾಮ ಕತ್ತಿ ಹಿರಿದು ಕರ್ಣನ ಮೇಲೆ ನುಗ್ಗಿದ. ಅವನನ್ನು ಹಿಡಿದು ನಿಲ್ಲಿಸಿದವರು ದುರ್ಯೋಧನ ಮತ್ತು, ಬೈಗುಳ ತಿಂದ ಸಾಕ್ಷಾತ್ ಕೃಪಾಚಾರ್ಯರು.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನನಗೆ ನಗು ಪೂರ್ತಿ ಬರುವುದಿಲ್ಲ. ಅಭಿಮನ್ಯುವನ್ನು ಸುತ್ತುಗಟ್ಟಿ ಕೊಂದ ಆರು ಜನರಲ್ಲಿ ಇವರೂ ಒಬ್ಬರು. ಕರ್ಣ ಬಿಲ್ಲು ಕತ್ತರಿಸಿದ, ಕೃತವರ್ಮ ಕುದುರೆಗಳನ್ನು ಕೊಂದ. ಕೃಪರು? ಪಾರ್ಷ್ಣಿಸಾರಥಿಗಳನ್ನು, ಎಂದರೆ ರಥದ ಮಗ್ಗುಲ ಕುದುರೆಗಳನ್ನು ನೋಡಿಕೊಳ್ಳುವ ಇಬ್ಬರನ್ನು. ಹಾಳಾದ ಫೈಲಿನ ಮೇಲೆ ಇವರದ್ದೂ ಒಂದು ಸಹಿ ಇದೆ, ಆದರೆ ಮೂಲೆಯಲ್ಲಿ, ಚಿಕ್ಕದಾಗಿ. ಅಭಿಮನ್ಯುವಿಗಾಗಿ ಅತ್ತವರು ಯಾರೂ ಕೃಪರನ್ನು ಶಪಿಸಿದ್ದು ನಾನು ಕೇಳಿಲ್ಲ.

ಕರ್ಣ ಸತ್ತ ಮೇಲೆ ಸಂಧಿ ಮಾಡಿಕೋ ಎಂದು ದುರ್ಯೋಧನನಿಗೆ ಒಳ್ಳೆಯ ಮಾತು ಹೇಳಿದರು. ಅವನು ಕೇಳಲಿಲ್ಲ, ಇವರು ಮರುದಿನ ಮತ್ತೆ ರಥ ಹತ್ತಿದರು. ಮಲಗಿದವರನ್ನು ಕೊಲ್ಲುತ್ತೇನೆಂದು ಅಶ್ವತ್ಥಾಮ ಹೊರಟ ರಾತ್ರಿಯೂ ಅಷ್ಟೇ. ‘ಈಗ ನಿದ್ದೆ ಮಾಡು. ಧೃತರಾಷ್ಟ್ರ, ಗಾಂಧಾರಿ, ವಿದುರರನ್ನು ಕೇಳೋಣ, ಅವರು ಹೇಳಿದಂತೆ ಮಾಡೋಣ’ ಎಂದರು. ಇಂಥ ವಿವೇಕದ ಟಿಪ್ಪಣಿಯನ್ನು ಬರೆಯಲು ಅವರಿಗೆ ಸಮನಾದವರಿಲ್ಲ. ಟಿಪ್ಪಣಿ ತಿರಸ್ಕಾರವಾಯಿತು. ಕೃಪರು ಎದ್ದು ಅಳಿಯನ ಹಿಂದೆಯೇ ಹೋಗಿ, ಪಾಳೆಯದ ಬಾಗಿಲಲ್ಲಿ ಕೃತವರ್ಮನೊಂದಿಗೆ ನಿಂತು, ಒಳಗಿಂದ ಓಡಿಬಂದವರನ್ನೆಲ್ಲ ಕೊಂದರು.

ಆ ರಾತ್ರಿಯ ಪಾಪಕ್ಕೆ ಅಶ್ವತ್ಥಾಮನಿಗೆ ಸಿಕ್ಕಿದ್ದು ಮೂರು ಸಾವಿರ ವರ್ಷ ಕೀವು ರಕ್ತ ಸುರಿಸುತ್ತ ಅಲೆಯುವ ಶಾಪ. ಅದರಲ್ಲಿ ಉಪಪಾಂಡವರ ಕೊಲೆಯ ಜೊತೆಗೆ ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟ ಲೆಕ್ಕವೂ ಇತ್ತು. ಬಾಗಿಲು ಕಾದವರು ನೆಟ್ಟಗೆ ಹಸ್ತಿನಾವತಿಗೆ ನಡೆದರು. ಮುಂದೆ ಧೃತರಾಷ್ಟ್ರ ಕಾಡಿಗೆ ಹೊರಟಾಗ ಇವರೂ ಹೊರಟಿದ್ದರು. ಅವನು ತಡೆದು, ಯುಯುತ್ಸುವಿನ ಜೊತೆಗೆ ಇವರನ್ನೂ ಧರ್ಮರಾಯನ ವಶಕ್ಕೆ ಒಪ್ಪಿಸಿದ. ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಅಭಿಮನ್ಯುವಿನ ಮಗ ಪರೀಕ್ಷಿತನನ್ನು ಯಾರ ಕೈಗಿತ್ತರು? ಇವರ ಕೈಗೇ. ಆ ಹುಡುಗನ ತಂದೆಯ ರಥ ಮುರಿಯುವಾಗ ಕೈಹಾಕಿದವರು ಅವನಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿದರು. ಶಂತನುವಿನಿಂದ ಪರೀಕ್ಷಿತನವರೆಗೆ ಆರು ತಲೆಮಾರು, ಸಂಬಳ ಒಂದು ತಿಂಗಳೂ ತಪ್ಪಿದಂತಿಲ್ಲ.

ಬಡ್ತಿಯ ಆದೇಶವೂ ಹೊರಟಾಗಿದೆ. ಭಾಗವತದ ಪ್ರಕಾರ ಮುಂದಿನ ಸಾವರ್ಣಿ ಮನ್ವಂತರದಲ್ಲಿ ಕೃಪಾಚಾರ್ಯರು ಸಪ್ತರ್ಷಿಗಳಲ್ಲಿ ಒಬ್ಬರು. ಅಳಿಯ ಅಶ್ವತ್ಥಾಮನೂ ಅದೇ ಪಟ್ಟಿಯಲ್ಲಿದ್ದಾನೆ. ಈಗ ನಡೆಯುತ್ತಿರುವುದು ವೈವಸ್ವತ ಮನ್ವಂತರದ 28ನೆಯ ಮಹಾಯುಗ. 71 ಆಗಬೇಕು, ಅಂದರೆ ಇನ್ನೂ 18 ಕೋಟಿ ವರ್ಷಕ್ಕೂ ಹೆಚ್ಚು ಕಾಯಬೇಕು. ಎರಡು ತಿಂಗಳು ಕೇಳಿದವರಿಗೆ ಅದೇನೂ ದೊಡ್ಡದಲ್ಲ. ಆ ಕಾಲಕ್ಕೆ ಇಂದ್ರಪದವಿ ಬಲಿ ಚಕ್ರವರ್ತಿಯದು, ಎಂದರೆ ಸ್ವರ್ಗದಲ್ಲೂ ಸರಕಾರ ಬದಲಾಗಿರುತ್ತದೆ. ಕೃಪಾಚಾರ್ಯರ ಹುದ್ದೆಗೆ ಏನೂ ತೊಂದರೆಯಿಲ್ಲ.