ತೂಕದ ಮನುಷ್ಯ

ಹ್ಯೂಸ್ಟನ್ನಿನಲ್ಲಿ ನನಗೊಬ್ಬ ಕೊಡಗಿನ ಗೆಳೆಯ ಇದ್ದಾನೆ. ಹೆಂಡತಿ ಬರೆದುಕೊಟ್ಟ ದಿನಸಿ ಪಟ್ಟಿಯಂತೆ ಒಂದು ಸಾಮಾನನ್ನಾದರೂ ಅವನು ಸರಿಯಾಗಿ ತಂದ ಇತಿಹಾಸವಿಲ್ಲ. ಅರ್ಧ ಕಿಲೋ ತೊಗರಿಬೇಳೆ ಅಂದರೆ ಹತ್ತು ಪೌಂಡಿನ ಚೀಲ ಹೊತ್ತು ತರುತ್ತಾನೆ. ಇದೇ ಪುಣ್ಯಾತ್ಮ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕೂತನೆಂದರೆ, ಒಂದು ಮಿಲಿಗ್ರಾಂ ಹೆಚ್ಚುಕಮ್ಮಿಯಾದರೂ ಊಟ ಬಿಡುತ್ತಾನೆ.

ಗ್ಯಾರೇಜಿನಲ್ಲಿ ನಡೆಯುವುದು ತೋಟಾ ತುಂಬುವ ಕೆಲಸ. ಊರು ಬಿಟ್ಟರೂ ಕೋವಿಯ ಮೋಹ ಬಿಡಲಿಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗೆ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುವ ಹವ್ಯಾಸದವರು ಅಲ್ಲಿ ಬೇಕಾದಷ್ಟು ಮಂದಿ. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಗ್ರೇನ್ ಅಂದರೆ ಮೂಲದಲ್ಲಿ ಧಾನ್ಯದ ಕಾಳು; ಈಗ ಅದು 64.8 ಮಿಲಿಗ್ರಾಂ, ನಮ್ಮ ಗುಲಗಂಜಿಯ ಅರ್ಧಕ್ಕಿಂತ ಚೂರು ಹೆಚ್ಚು. ಮದ್ದು ಮಿತಿಮೀರಿದರೆ ಕೋವಿಯೇ ಸಿಡಿದೀತು, ತಕ್ಕಡಿ ನೆಟ್ಟಗಿರಬೇಕು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ಗುಲಗಂಜಿಗೆ ತನ್ನ ಕಪ್ಪು ಕಾಣದಂತೆ. ಎಲೆಕ್ಟ್ರಾನಿಕ್ ತಕ್ಕಡಿಯ ಹಣೆಬರಹವೂ ಅದೇ. ಆದ್ದರಿಂದ ಆಗಾಗ ಒಂದು ತೂಕದ ಬೊಟ್ಟು ಇಟ್ಟು, ‘ನೋಡಮ್ಮಾ, ಐವತ್ತು ಗ್ರಾಂ ಅಂದರೆ ಇಷ್ಟು’ ಎಂದು ಅದಕ್ಕೆ ಪಾಠ ಹೇಳಿಕೊಡಬೇಕು. ತಕ್ಕಡಿಯ ಜತೆ ಡಬ್ಬಿಯಲ್ಲಿ ಒಂದು ಬೊಟ್ಟು ಬಂದೇ ಇತ್ತು. ಅದರ ಮೈಮೇಲೆ 50 ಎಂದು ಬರೆದಿತ್ತೇ ಹೊರತು ಆ ಮಾತಿಗೆ ಜಾಮೀನು ಯಾರು ಎಂದು ಬರೆದಿರಲಿಲ್ಲ. ಮೇಷ್ಟರೇ ಫೇಲಾದವರಾಗಿದ್ದರೆ? ಈ ಯೋಚನೆ ಹೊಕ್ಕ ರಾತ್ರಿಯಿಂದ ನಮ್ಮವನಿಗೆ ನಿದ್ದೆ ಇಲ್ಲ.

ಮೊದಲು ಯಾರೋ ನಿಕ್ಕಲ್ ನಾಣ್ಯ ಇಟ್ಟು ನೋಡು ಅಂದರಂತೆ. ಅಮೆರಿಕದ ಐದು ಸೆಂಟಿನ ಆ ನಾಣ್ಯ ಕಾನೂನಿನ ಪ್ರಕಾರ ಸರಿಯಾಗಿ 5 ಗ್ರಾಂ. ಆದರೆ ಅದೇ ಕಾನೂನು 0.194 ಗ್ರಾಂ ಅತ್ತಿತ್ತ ಆದರೆ ಹೋಗಲಿ ಬಿಡು ಅನ್ನುತ್ತದೆ. ಲೆಕ್ಕ ಹಾಕಿದರೆ ಮೂರು ಗ್ರೇನ್! ‘ನಮ್ಮ ರೂಪಾಯಿ ಇಡೋಣವೇ?’ ಅಂದೆ. 1992ರ ಒಂದು ರೂಪಾಯಿ 4.85 ಗ್ರಾಂ ಇತ್ತು, 2011ರದ್ದು 3.79 ಗ್ರಾಂ. ರೂಪಾಯಿ ಸೊರಗಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆಮೇಲೆ ಶುರುವಾಯಿತು ಜಾತಕ ನೋಡಿ ಬೊಟ್ಟು ಕೊಳ್ಳುವ ಕೆಲಸ. ಬೊಟ್ಟುಗಳಲ್ಲೂ ವರ್ಗಭೇದ ಉಂಟು: ಮೇಲೆ ಇ-1, ಇ-2, ನಡುವೆ ಎಫ್-1, ಎಫ್-2, ಕೆಳಗೆ ಎಂ-1 ಮತ್ತು ಅದರ ಬಳಗ. 50 ಗ್ರಾಮಿನ ಎಂ-1 ಬೊಟ್ಟು 3 ಮಿಲಿಗ್ರಾಂ ತಪ್ಪಬಹುದು, ಎಫ್-1 ಆದರೆ 0.3, ಇ-2 ಆದರೆ 0.1. ತಕ್ಕಡಿ ತೋರಿಸುವ ಅತಿ ಸಣ್ಣ ಅಂಕಿಯ ಮೂರನೇ ಒಂದು ಪಾಲಿಗಿಂತ ಬೊಟ್ಟಿನ ತಪ್ಪು ಹೆಚ್ಚಿರಬಾರದು ಎನ್ನುವುದು ಬಲ್ಲವರ ವಾಡಿಕೆ. ಇವನ ತಕ್ಕಡಿ ತೋರಿಸುವುದು 1 ಮಿಲಿಗ್ರಾಂ. ಎಫ್-1 ಅಳತೆಗೆ ಹೊಲಿಸಿದ ಅಂಗಿಯಂತೆ ಕೂರುತ್ತದೆ. ಇವನ ಕಣ್ಣು ಮಾತ್ರ ಇ-2 ಮೇಲೆ. ‘ಇರಲಿ ಮಾರಾಯ, ಮುಂದೆ ಒಳ್ಳೇ ತಕ್ಕಡಿ ತಗೊಂಡರೆ?’ ಮಗು ಹುಟ್ಟುವ ಮೊದಲೇ ಮದುವೆ ಛತ್ರ ಗೊತ್ತುಮಾಡುವ ಜಾತಿ.

ಕೊನೆಗೆ ಎಫ್-1 ಪೆಟ್ಟಿಗೆ ಬಂತು. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಉಕ್ಕಿನ ಪುಟ್ಟ ಬೊಟ್ಟುಗಳು, ತುದಿಗೆ ಪ್ಲಾಸ್ಟಿಕ್ ಹಾಕಿದ ಚಿಮುಟ, ಪ್ರತಿಯೊಂದರ ನಿಜವಾದ ತೂಕ ಬರೆದ ಪ್ರಮಾಣಪತ್ರ. ನಾನು ಚಕ್ಕುಲಿ ಮುರಿದ ಕೈಯಲ್ಲೇ ಒಂದನ್ನು ಎತ್ತಿಕೊಂಡೆ. ಮೈಲಿಗೆಯಾದ ಹಾಗೆ ಕೂಗಿಕೊಂಡ. ಬೆರಳಿನ ಎಣ್ಣೆ ಅಂಟಿದರೆ ತೂಕ ಕೆಡುತ್ತದಂತೆ. ಬಟ್ಟೆ ತಂದು ಒರೆಸಿದ, ಏಸಿ ಆರಿಸಿದ (ಗಾಳಿಗೆ ತಟ್ಟೆ ಅಲ್ಲಾಡುತ್ತದೆ), ಅರ್ಧ ಗಂಟೆ ತಕ್ಕಡಿಯನ್ನು ಬೆಚ್ಚಗಾಗಲು ಬಿಟ್ಟ. ಅಷ್ಟರಲ್ಲಿ ನಾವಿಬ್ಬರೂ ಬೆಂದೆವು.

ಒಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು. ಐವತ್ತು ಗ್ರಾಮಿನಲ್ಲಿ ಪಾಠ ಒಪ್ಪಿಸಿದ ತಕ್ಕಡಿ ಎರಡೂವರೆ ಗ್ರಾಮಿನಲ್ಲಿ ಸುಳ್ಳು ಹೇಳುವುದಿಲ್ಲವೆಂದು ನಂಬಕೂಡದು. 40 ಗ್ರೇನ್ ಮದ್ದು ಅಂದರೆ ಸುಮಾರು 2.6 ಗ್ರಾಂ. ಹಾಗಾಗಿ ದೊಡ್ಡ ಬೊಟ್ಟಿನಲ್ಲಿ ಪಾಠ ಹೇಳಿದ ಮೇಲೆ 2 ಗ್ರಾಂ, ಅರ್ಧ ಗ್ರಾಮಿನ ಮರಿಗಳನ್ನು ಇಟ್ಟು ಪರೀಕ್ಷೆ ಮಾಡುತ್ತಾನೆ. ಒಂದೇ ದೊಡ್ಡ ಬೊಟ್ಟು ಕೊಂಡು ಸಾರ್ಥಕವಾಯಿತು ಅನ್ನುವವರು ಇದನ್ನೇ ಮರೆಯುವುದು.

‘ಒಳ್ಳೇದು ತಗೊಂಡಾಗ ಈ ತಕ್ಕಡಿ ನನಗೆ ಕೊಡೋ, ಬೆಂಗಳೂರಿಗೆ ಒಯ್ಯುತ್ತೇನೆ’ ಅಂದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಸಮುದ್ರಕ್ಕಿಂತ ಒಂಬೈನೂರು ಮೀಟರ್ ಎತ್ತರ. ಅಲ್ಲಿ ಎಳೆತ ತುಸು ಕಮ್ಮಿ. ಹ್ಯೂಸ್ಟನ್ನಿನ 50 ಗ್ರಾಂ ನಮ್ಮೂರಲ್ಲಿ ಹೆಚ್ಚುಕಡಿಮೆ 49.93 ತೋರಿಸೀತು. ಮತ್ತೆ ಬೊಟ್ಟಿಟ್ಟು ಪಾಠ ಹೇಳಬೇಕು. ನಮ್ಮ ಅಕ್ಕಸಾಲಿಗರ ಎರಡು ತಟ್ಟೆಯ ತಕ್ಕಡಿಗೆ ಈ ಗೋಳಿಲ್ಲ, ಎರಡೂ ಕಡೆ ಎಳೆಯುವುದು ಒಂದೇ ಭೂಮಿ.

ಅಕ್ಕಸಾಲಿಗರ ಮಾತು ಕಿವಿಗೆ ಬಿದ್ದದ್ದೇ ಮನೆಯಾಕೆ ಒಳಗಿನಿಂದ ತಮ್ಮ ಅಜ್ಜಿಯ ಪತ್ತಾಕ್ (ಕೊಡಗಿನವರ ಕೊರಳ ಒಡವೆ) ತಂದರು. ಜತೆಗೊಂದು ಹಳದಿಗಟ್ಟಿದ ಚೀಟಿ: ಎರಡು ತೊಲ. ಬ್ರಿಟಿಷರ ಕಾಲದಲ್ಲಿ ತೊಲವನ್ನು ನಿಗದಿ ಮಾಡಿದ್ದೇ 180 ಗ್ರೇನ್ ಎಂದು, ಹಾಗಾಗಿ ಲೆಕ್ಕ ಸಲೀಸು, 360 ಬರಬೇಕು. ತಕ್ಕಡಿ 357 ತೋರಿಸಿತು. ಅದೇ ಮೂರು ಗ್ರೇನ್!

ಗೆಳೆಯ ಮುಖ ಗಂಟಿಕ್ಕಿಕೊಂಡು ಚಿಮುಟ ಕೈಗೆತ್ತಿಕೊಂಡ. ಆಕೆ ಪತ್ತಾಕನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, ‘ಅಣ್ಣಾ, ಅಜ್ಜಿ ಅರವತ್ತು ವರ್ಷ ಹಾಕಿಕೊಂಡಿದ್ದರು, ಸವೆದಿದೆ. ಇವರಿಗೆ ಹೇಳಿ, ಊಟಕ್ಕೆ ಬರಲಿ’ ಅಂದರು. ಅವನು ಬರಲಿಲ್ಲ. ಮತ್ತೆ ಐವತ್ತರಿಂದ ಶುರು ಮಾಡಿದ್ದ.

ನೀವೂ ಇಂಥ ತಕ್ಕಡಿ ಇಟ್ಟುಕೊಂಡವರಾದರೆ ಎಫ್-1 ಸಾಕು, ಜತೆಗೆ ಒಂದೆರಡು ಮರಿ ಬೊಟ್ಟು, ಒಂದು ಚಿಮುಟ. ಬೆಲೆ ಎಷ್ಟೆಂದು ಮನೆಯಲ್ಲಿ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು.